ದೀಪದ ಸುಂಕ



ನಾನು ಇಂದು ಮಾತನಾಡಹೊರಟಿರುವುದು ಒಂದು ಗೇಣುದ್ದದ ಕಾಗದವನ್ನು ಕುರಿತು. ಅದು ತಿಂಗಳಿಗೊಮ್ಮೆ ನಿಮ್ಮ ಮನೆಗೂ ಬರುತ್ತದೆ. ಕೊರಳಿಗೆ ಸಣ್ಣ ಯಂತ್ರವೊಂದನ್ನು ತೂಗುಹಾಕಿಕೊಂಡ ಯುವಕನೊಬ್ಬ ಬಂದು, ಮೀಟರಿನ ಪೆಟ್ಟಿಗೆಯತ್ತ ಕತ್ತು ಚಾಚಿ, ಅಂಕಿಗಳನ್ನು ಒತ್ತಿ, ಹೊರಬಂದ ಕಾಗದವನ್ನು ಹರಿದು ಗೇಟಿನ ಸಂದಿಗೆ ಸಿಕ್ಕಿಸಿ ಹೋಗುತ್ತಾನೆ. ಅದೇ ವಿದ್ಯುತ್ ಬಿಲ್ಲು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದವನು ನಾನು. ನಿವೃತ್ತನಾದ ಮೇಲೆ ಯಾರಾದರೂ ಹಳೆಯ ಕಾವ್ಯವೊಂದರ ಅರ್ಥ ಕೇಳಿಕೊಂಡು ಬಂದಾರು ಎಂಬ ಆಸೆ ನನಗೆ ಇಲ್ಲದಿರಲಿಲ್ಲ. ಆದರೆ ನಮ್ಮ ಬಡಾವಣೆಯ ಜನ ಅರ್ಥ ಹೇಳಿಸಿಕೊಳ್ಳಲು ನನ್ನಲ್ಲಿಗೆ ಅತಿ ಹೆಚ್ಚು ಸಲ ತಂದಿರುವ ಪಠ್ಯ ಈ ಬಿಲ್ಲು. ‘ಪಂಪನನ್ನೇ ಓದಿದವರಿಗೆ ಇದು ಯಾವ ಲೆಕ್ಕ ಮೇಷ್ಟ್ರೇ’ ಎನ್ನುತ್ತಾರೆ. ಪಂಪನಿಗೆ ಟೀಕೆಗಳಿವೆ, ನಿಘಂಟುಗಳಿವೆ, ಜಗಳವಾಡಲು ವಿದ್ವಾಂಸರಿದ್ದಾರೆ. ಇದಕ್ಕೆ ಅವು ಯಾವುವೂ ಇಲ್ಲ.

ಬಿಲ್ಲಿನ ಭಾಷೆಯಿಂದಲೇ ಮೊದಲು ಮಾಡೋಣ. ಕನ್ನಡದಲ್ಲಿ ಅಚ್ಚಾದ ಬಿಲ್ಲುಗಳಲ್ಲಿ ‘ಜಕಾತಿ’ ಎಂಬ ಮಾತೊಂದನ್ನು ನೀವು ಕಂಡಿರಬಹುದು. ನೀವು ಯಾವ ದರ್ಜೆಯ ಗ್ರಾಹಕರು, ನಿಮಗೆ ಯಾವ ದರಪಟ್ಟಿ ಅನ್ವಯಿಸುತ್ತದೆ ಎಂಬುದನ್ನು ಅದು ಹೇಳುತ್ತದೆ. ಈ ಶಬ್ದದ ಪ್ರಯಾಣ ಸ್ವಾರಸ್ಯವಾದದ್ದು. ಅರಬ್ಬಿಯಲ್ಲಿ ಇದು ಉಳ್ಳವರು ಇಲ್ಲದವರಿಗಾಗಿ ತಮ್ಮ ಸಂಪತ್ತಿನಲ್ಲಿ ತೆಗೆದಿಡಬೇಕಾದ ದಾನ. ಪಾರಸಿಯ ಹಾದಿ ಹಿಡಿದು ದಖ್ಖನ್ನಿನ ಆಡಳಿತಕ್ಕೆ ಬರುವ ಹೊತ್ತಿಗೆ ಅದು ಸರಕಿನ ಮೇಲಿನ ಸುಂಕವಾಯಿತು. ಊರ ಬಾಗಿಲ ಜಕಾತಿ ನಾಕೆಗಳನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. ದಾನವಾಗಿದ್ದದ್ದು ದಂಡದಂತೆ ಕೇಳಿಸುವ ಸ್ಥಿತಿಗೆ ಬಂದು, ಈಗ ದೀಪದ ಬಿಲ್ಲಿನ ಮೂಲೆಯಲ್ಲಿ ಕುಳಿತಿದೆ. ‘ಶುಲ್ಕ’ವೂ ಹಾಗೆಯೇ. ಅದರ ತದ್ಭವ ‘ಸುಂಕ’ ಎಂದು ವ್ಯಾಕರಣದ ತರಗತಿಯಲ್ಲಿ ಹೇಳಿಕೊಟ್ಟಿದ್ದೇನೆ. ಸುಂಕ ಎಂದರೆ ಜನ ಒಡನೆಯೇ ‘ಯಾಕೆ?’ ಎಂದು ಕೇಳುತ್ತಾರೆ, ಶುಲ್ಕ ಎಂದರೆ ತೆಪ್ಪಗೆ ಕೊಡುತ್ತಾರೆ. ತತ್ಸಮಕ್ಕಿರುವ ಈ ಮಹಿಮೆಯನ್ನು ನಮ್ಮ ಕಛೇರಿಗಳು ಎಂದೋ ಕಂಡುಕೊಂಡಿವೆ.

ಇನ್ನು ‘ಮಂಜೂರಾದ ಪ್ರಮಾಣ’, ‘ಮಾಪನ ಸ್ಥಿರಾಂಕ’, ‘ದಾಖಲಿತ ಬೇಡಿಕೆ’, ‘ಇಂಧನ ವೆಚ್ಚ ಹೊಂದಾಣಿಕೆ’. ಇವು ಕನ್ನಡ ಲಿಪಿಯಲ್ಲಿವೆ, ಕನ್ನಡದಲ್ಲಿವೆಯೇ ಎಂಬುದು ಬೇರೆ ಪ್ರಶ್ನೆ. ಇವುಗಳ ನಡುನಡುವೆ ಇಂಗ್ಲಿಷಿನ ಬಿಡಿ ಅಕ್ಷರಗಳು. ಎಲ್ಲಕ್ಕೂ ಕೆಳಗೆ ಒಂದು ಮೊತ್ತ. ಓದುವವರ ಕಣ್ಣು ಮೇಲಿನದನ್ನೆಲ್ಲ ಬಿಟ್ಟು ನೇರವಾಗಿ ಆ ಮೊತ್ತಕ್ಕೆ ಇಳಿಯುತ್ತದೆ. ಕಳೆದ ತಿಂಗಳಿಗಿಂತ ಹೆಚ್ಚಾಗಿದ್ದರೆ ನಿಟ್ಟುಸಿರು, ಕಡಮೆಯಾಗಿದ್ದರೆ ಸಂಶಯ. ಏಕೆ ಹೆಚ್ಚಾಯಿತು, ಏಕೆ ಕಡಮೆಯಾಯಿತು ಎಂಬುದು ಮಾತ್ರ ಮಳೆಯ ವಿಚಾರದಂತೆ ದೈವಾಧೀನ.

ದೈವಾಧೀನವಲ್ಲ ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಹದಿನೈದು ನಿಮಿಷ.

ನಮ್ಮ ನಾಡಿಗೆ ವಿದ್ಯುತ್ತು ಹೊಸದಲ್ಲ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪತ್ತಿಯಾದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ಚಿನ್ನಕ್ಕೆ ಮೊದಲು, ಮನುಷ್ಯನ ಕಣ್ಣಿಗೆ ಆಮೇಲೆ. ಹಳ್ಳಿಗಳ ಸರದಿ ಬರಲು ಬಹುಕಾಲ ಹಿಡಿಯಿತು. ನಾನು ಲಾಟೀನಿನ ಬೆಳಕಿನಲ್ಲಿ ಓದಿದ ಹುಡುಗ. ಲಾಟೀನಿನ ಖರ್ಚು ನಮ್ಮ ತಾಯಿಗೆ ಬಾಯಿಪಾಠವಾಗಿತ್ತು: ಇಷ್ಟು ಸೀಮೆಎಣ್ಣೆ, ಇಷ್ಟು ರಾತ್ರಿ. ಬತ್ತಿ ಇಳಿಸಿದರೆ ಎಷ್ಟು ಉಳಿಯುತ್ತದೆ ಎಂಬುದು ಬಾಟಲಿಯನ್ನು ಎತ್ತಿ ಹಿಡಿದರೆ ಕಾಣುತ್ತಿತ್ತು. 1970ರ ದಶಕದ ಕೊನೆಯಲ್ಲಿ ಬಂದ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಗುಡಿಸಲಿಗೆ ಒಂದೇ ಒಂದು ಬಲ್ಬು ದೊರೆಯಿತು. ಆ ಮನೆಗಳಲ್ಲೂ ಲೆಕ್ಕ ಸರಳವಾಗಿತ್ತು. ಲೆಕ್ಕ ಕಣ್ಣಿಗೆ ಕಾಣದಾದದ್ದು ಆಮೇಲೆ.

ಆದರೂ ಮೂಲಭೂತವಾದ ಅಳತೆಯಲ್ಲಿ ಕಷ್ಟವೇನಿಲ್ಲ. ಸಾವಿರ ವಾಟಿನ ಉಪಕರಣವೊಂದು ಒಂದು ಗಂಟೆ ಓಡಿದರೆ ಒಂದು ಯೂನಿಟ್ಟು. ನೂರು ವಾಟಿನ ಹಳೆಯ ಬಲ್ಬು ಹತ್ತು ಗಂಟೆ ಉರಿದರೆ ಒಂದು ಯೂನಿಟ್ಟು. ಬಚ್ಚಲುಮನೆಯ ಎರಡು ಸಾವಿರ ವಾಟಿನ ಗೀಸರು ಅರ್ಧ ಗಂಟೆಯಲ್ಲಿ ಅದನ್ನು ನುಂಗುತ್ತದೆ. ಇದನ್ನು ತಿಳಿಸಿದಾಗ ನಮ್ಮ ನೆರೆಯ ಗೃಹಿಣಿಯೊಬ್ಬರು, ‘ಹಾಗಾದರೆ ಫ್ಯಾನಿನ ಮೇಲೆ ನಾನು ಸುಮ್ಮನೆ ಸಿಟ್ಟು ಮಾಡಿಕೊಂಡಿದ್ದೆ’ ಎಂದರು.

ತೊಡಕು ಇರುವುದು ಬೆಲೆಯಲ್ಲಿ. ಬೆಲೆ ಒಂದಲ್ಲ, ಎರಡು. ಬಳಸಿದ ಯೂನಿಟ್ಟಿಗೆ ಒಂದು, ಬಳಸುವ ಹಕ್ಕಿಗೆ ಇನ್ನೊಂದು. ಎರಡನೆಯದರ ಹೆಸರು ನಿಗದಿತ ಶುಲ್ಕ. 1892ರಲ್ಲಿ ಇಂಗ್ಲೆಂಡಿನ ಜಾನ್ ಹಾಪ್ಕಿನ್‌ಸನ್ ಎಂಬ ಎಂಜಿನಿಯರು ಈ ಎರಡು ಬೆಲೆಗಳ ವಾದವನ್ನು ಮುಂದಿಟ್ಟ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಮದುವೆ ಮನೆಗೆ ಐನೂರು ಜನರ ಅಡಿಗೆಗಾಗುವ ಕೊಪ್ಪರಿಗೆಗಳನ್ನು ಬಾಡಿಗೆಗೆ ತರಿಸಿದಿರಿ ಎನ್ನಿ. ಮಳೆ ಬಂದು ಇನ್ನೂರೇ ಜನ ಉಂಡರೂ ಕೊಪ್ಪರಿಗೆಯ ಬಾಡಿಗೆ ಕಡಮೆಯಾಗದು. ನೀವು ಯಾವ ಗಳಿಗೆಯಲ್ಲಿ ಗುಂಡಿ ಒತ್ತಿದರೂ ದೀಪ ಹತ್ತಬೇಕಾದರೆ ತಂತಿ, ಕಂಬ, ಪರಿವರ್ತಕ, ಉತ್ಪಾದನಾ ಕೇಂದ್ರ ಎಲ್ಲವೂ ಸದಾ ಸಿದ್ಧವಾಗಿರಬೇಕು. ಅದಕ್ಕೆ ಬಾಡಿಗೆ. ನಿಮ್ಮ ಮನೆಗೆ ಎಷ್ಟು ಕಿಲೋವಾಟು ಮಂಜೂರಾಗಿದೆಯೋ ಅಷ್ಟಕ್ಕೆ, ಕಿಲೋವಾಟಿಗೆ ಇಷ್ಟರಂತೆ. ಮನೆಗೆ ಬೀಗ ಹಾಕಿ ಕಾಶಿಗೆ ಹೋದರೂ ಇದು ತಪ್ಪದು.

‘ನಿಗದಿತ’ ಎಂಬ ಮಾತು ಮಾತ್ರ ಸ್ವಲ್ಪ ನಗು ತರಿಸುತ್ತದೆ. ಗೃಹಬಳಕೆಯ ಗ್ರಾಹಕನಿಗೆ ಇದು 2023–24ರ ಸಾಲಿನಲ್ಲಿ ಕಿಲೋವಾಟಿಗೆ 110 ರೂಪಾಯಿ, 2024–25ರಲ್ಲಿ 120 ರೂಪಾಯಿ, 2025–26ರಲ್ಲಿ 145 ರೂಪಾಯಿ. ಮೂರು ಕಿಲೋವಾಟಿನ ಮನೆಗೆ ಎರಡು ವರ್ಷಗಳ ಅಂತರದಲ್ಲಿ 330 ಇದ್ದದ್ದು 435 ಆಯಿತು. ಬಿಲ್ಲಿನಲ್ಲಿ ಖಚಿತವಾಗಿ ಏರುತ್ತ ಬಂದ ಬಾಬಿಗೆ ನಿಗದಿತ ಎಂದು ಹೆಸರು.

ಯೂನಿಟ್ಟಿನ ಬೆಲೆಯ ಕಥೆ ಇದಕ್ಕಿಂತ ವಿಚಿತ್ರ. ನಮ್ಮಲ್ಲಿ ಮೊದಲಿನಿಂದ ಮೆಟ್ಟಿಲು ಪದ್ಧತಿಯಿತ್ತು: ಮೊದಲ ಕೆಲವು ಯೂನಿಟ್ಟು ಅಗ್ಗ, ಮೇಲಿನವು ತುಟ್ಟಿ. ಇದು ನ್ಯಾಯವಾಗಿಯೂ ಇತ್ತು, ಅರ್ಥವಾಗುವಂತೆಯೂ ಇತ್ತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2023ರ ಮೇ 12ರಂದು ಹೊರಡಿಸಿದ ಆದೇಶದಲ್ಲಿ ಮೆಟ್ಟಿಲುಗಳು ಎರಡೇ ಉಳಿದವು. ನೂರು ಯೂನಿಟ್ಟಿನೊಳಗೆ ಬಳಸಿದವರಿಗೆ ಯೂನಿಟ್ಟಿಗೆ 4 ರೂಪಾಯಿ 75 ಪೈಸೆ. ನೂರು ದಾಟಿದರೆ 7 ರೂಪಾಯಿ, ಅದೂ ನೂರರ ಮೇಲಿನವುಗಳಿಗಲ್ಲ, ಮೊದಲಿನಿಂದ ಎಲ್ಲಕ್ಕೂ. ಅಂದರೆ ನೂರು ಯೂನಿಟ್ಟಿಗೆ 475 ರೂಪಾಯಿ, ನೂರೊಂದಕ್ಕೆ 707 ರೂಪಾಯಿ. ಆ ಒಂದು ಯೂನಿಟ್ಟಿನ ಬೆಲೆ 232 ರೂಪಾಯಿ! ಹೀಗಾದಾಗ ಅದು ಮೆಟ್ಟಿಲಲ್ಲ, ಪ್ರಪಾತ. ಸಾಲದುದಕ್ಕೆ ಆ ಆದೇಶ ಏಪ್ರಿಲ್ 1ರಿಂದಲೇ ಪೂರ್ವಾನ್ವಯವಾದ್ದರಿಂದ, ಕಳೆದುಹೋದ ಏಪ್ರಿಲ್ ತಿಂಗಳ ಹೆಚ್ಚುವರಿ ಬಾಕಿಯೂ ಜೂನ್ ತಿಂಗಳ ಬಿಲ್ಲಿಗೆ ಬಂದು ಸೇರಿತು. ಆ ಜೂನಿನಲ್ಲಿ ಬಿಲ್ಲು ಹಿಡಿದು ಕಛೇರಿಗಳ ಮುಂದೆ ನಿಂತವರನ್ನು ನೀವು ಮರೆತಿರಲಾರಿರಿ. ಉಂಡು ಕೈ ತೊಳೆದು ಮನೆಗೆ ಹೋದವನನ್ನು ಹಿಂದಕ್ಕೆ ಕರೆದು ಊಟದ ಬೆಲೆ ಏರಿದೆ ಎಂದಂತೆ ಅದು.

ಮರುವರ್ಷ, 2024ರ ಫೆಬ್ರುವರಿ 28ರ ಆದೇಶದಲ್ಲಿ ಈ ಪ್ರಪಾತವೂ ಮುಚ್ಚಿಹೋಯಿತು, ಮೆಟ್ಟಿಲೂ ಹೋಯಿತು. ಎಲ್ಲರಿಗೂ ಎಲ್ಲ ಯೂನಿಟ್ಟಿಗೂ 5 ರೂಪಾಯಿ 90 ಪೈಸೆ. ಹೆಚ್ಚು ಬಳಸುವವನಿಗೆ ಯೂನಿಟ್ಟಿಗೆ 1 ರೂಪಾಯಿ 10 ಪೈಸೆ ಇಳಿಯಿತು. ಪತ್ರಿಕೆಗಳಲ್ಲಿ ‘ವಿದ್ಯುತ್ ದರ ಇಳಿಕೆ’ ಎಂಬ ದಪ್ಪ ತಲೆಬರಹ ಬಂತು. ನೂರರೊಳಗೆ ಬಳಸುವವನಿಗೆ ದರಪಟ್ಟಿಯಲ್ಲಿ 1 ರೂಪಾಯಿ 15 ಪೈಸೆ ಏರಿತ್ತು. ಆ ಏರಿಕೆಯನ್ನು ಬಹುಮಟ್ಟಿಗೆ ಸರ್ಕಾರವೇ ಗೃಹಜ್ಯೋತಿಯ ಮೂಲಕ ಹೊತ್ತದ್ದರಿಂದ ಯಾರಿಗೂ ನೋವು ತಟ್ಟಲಿಲ್ಲ ನಿಜ. ಆದರೆ ಕಡಮೆ ಬಳಸುವವನಿಗೆ ಕಡಮೆ ದರ ಎಂಬ ಹಳೆಯ ನ್ಯಾಯ ಮಾತ್ರ ಸದ್ದಿಲ್ಲದೆ ದರಪಟ್ಟಿಯಿಂದ ಹೊರನಡೆಯಿತು.

ಅದರ ಮರುವರ್ಷ ಇನ್ನೊಂದು ಇಳಿಕೆ. 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಹತ್ತು ಪೈಸೆ ಕಡಮೆ. ಮೂರು ಕಿಲೋವಾಟು ಮಂಜೂರಾಗಿರುವ, ತಿಂಗಳಿಗೆ 220 ಯೂನಿಟ್ಟು ಬಳಸುವ ಮನೆಯೊಂದನ್ನು ತೆಗೆದುಕೊಳ್ಳಿ. ಯೂನಿಟ್ಟಿನ ಬಾಬಿನಲ್ಲಿ ಆ ಮನೆಗೆ 22 ರೂಪಾಯಿ ಉಳಿಯಿತು. ನಿಗದಿತ ಶುಲ್ಕದಲ್ಲಿ 75 ರೂಪಾಯಿ ಏರಿತು. ಇದರೊಡನೆ ಯೂನಿಟ್ಟಿಗೆ 36 ಪೈಸೆಯ ಹೊಸ ಬಾಬೊಂದು ಹುಟ್ಟಿತು. ಅದು 79 ರೂಪಾಯಿ 20 ಪೈಸೆ. ಕೂಡಿ ಕಳೆದು ನೋಡಿದರೆ ತೆರಿಗೆಗೆ ಮುಂಚೆಯೇ 132 ರೂಪಾಯಿ 20 ಪೈಸೆ ಹೆಚ್ಚಾಯಿತು. ದರ ಇಳಿಯಿತು ಎಂಬುದೂ ಸುಳ್ಳಲ್ಲ, ಬಿಲ್ಲು ಏರಿತು ಎಂಬುದೂ ಸುಳ್ಳಲ್ಲ. ಎರಡು ಸತ್ಯಗಳ ನಡುವೆ ಗ್ರಾಹಕ ಕಕ್ಕಾಬಿಕ್ಕಿಯಾಗಿ ನಿಂತ.

ಆ 36 ಪೈಸೆ ಏನು? ಬಿಲ್ಲಿನಲ್ಲಿ ಅದನ್ನು ‘ಪಿ ಅಂಡ್ ಜಿ’ ಎಂಬ ಅಕ್ಷರಗಳಲ್ಲಿ ನಮೂದಿಸುತ್ತಾರೆ. ನಮ್ಮ ಬೀದಿಯ ತರುಣನೊಬ್ಬ ಅದು ಸಾಬೂನಿನ ಕಂಪೆನಿಯ ಹೆಸರೆಂದೂ, ಬಿಲ್ಲಿನಲ್ಲಿ ಜಾಹೀರಾತು ಬಂದಿದೆಯೆಂದೂ ತಿಳಿದಿದ್ದ. ಅದು ಪೆನ್ಷನ್ ಮತ್ತು ಗ್ರಾಚ್ಯುಟಿ. ನಾವು ಇಂದಿಗೂ ಬಾಯಲ್ಲಿ ‘ಕೆ.ಇ.ಬಿ.’ ಎಂದೇ ಕರೆಯುವ ವಿದ್ಯುತ್ ಮಂಡಳಿಯು 1999ರಲ್ಲಿ ಕಂಪೆನಿಯಾಗಿ ಮಾರ್ಪಟ್ಟಿತು. 2002ರಲ್ಲಿ ವಿತರಣೆಯ ಕೆಲಸ ಪ್ರಾದೇಶಿಕ ಕಂಪೆನಿಗಳಿಗೆ ಹಂಚಿಹೋಯಿತು. ಮಂಡಳಿಯ ಕಾಲದ ನೌಕರರ ನಿವೃತ್ತಿವೇತನದಲ್ಲಿ ಸರ್ಕಾರ ಹೊರಬೇಕಾಗಿದ್ದ ಪಾಲು 2025ರ ಏಪ್ರಿಲ್‌ನಿಂದ ಗ್ರಾಹಕರ ಬಿಲ್ಲಿಗೆ ವರ್ಗವಾಯಿತು. ನಾನೂ ಪಿಂಚಣಿಯ ಮೇಲೆ ಬದುಕುವವನು. ಮಳೆಗಾಲದಲ್ಲಿ ಕಂಬ ಹತ್ತಿದ ಲೈನ್‌ಮನ್ನರ ಪಿಂಚಣಿಗೆ ನನ್ನ ಎಂಬತ್ತು ರೂಪಾಯಿ ಹೋಗುತ್ತದೆಂದರೆ ನನಗೆ ಅಸೂಯೆಯಿಲ್ಲ. ಅವರ ಹೆಸರನ್ನು ಎರಡು ಇಂಗ್ಲಿಷ್ ಅಕ್ಷರಗಳ ಹಿಂದೆ ಬಚ್ಚಿಡುವುದೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಇನ್ನು ‘ಹೊಂದಾಣಿಕೆ’ಯ ಶುಲ್ಕ. ಹಿಂದೆ ನಮ್ಮ ವಿದ್ಯುತ್ತು ಬಹುತೇಕ ನೀರಿನದು. ಶರಾವತಿ, ಕಾಳಿ ತುಂಬಿ ಹರಿದರೆ ದೀಪ, ಮಳೆ ಕೈಕೊಟ್ಟರೆ ಕತ್ತಲೆ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಚಾಲೂ ಆದಂದಿನಿಂದ ಕಲ್ಲಿದ್ದಲಿನ ಬೆಲೆಯೂ ನಮ್ಮ ದೀಪದೊಳಗೆ ಬಂತು. ವರ್ಷದ ಮೊದಲಲ್ಲಿ ಅಂದಾಜು ಮಾಡಿದ ಬೆಲೆಗೂ ನಿಜವಾಗಿ ವಿದ್ಯುತ್ತನ್ನು ಕೊಂಡ ಬೆಲೆಗೂ ಇರುವ ಅಂತರವನ್ನು ಮುಂದಿನ ತಿಂಗಳುಗಳ ಬಿಲ್ಲಿನಲ್ಲಿ ಸರಿದೂಗಿಸಿಕೊಳ್ಳುತ್ತಾರೆ. ಹಿಂದೆ ಮೂರು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಇದು 2023ರಿಂದ ತಿಂಗಳು ತಿಂಗಳೂ ಬದಲಾಗತೊಡಗಿತು. ಇಳಿದದ್ದೂ ಉಂಟು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೆ ಸಂಸಾರಸ್ಥರಿಗೆ ಹೊಂದಾಣಿಕೆಯೆಂದರೆ ಇಬ್ಬರೂ ಒಂದಿಷ್ಟು ಬಗ್ಗುವುದು. ಇಲ್ಲಿ ಬಗ್ಗುವವರು ಯಾರು, ಯಾವ ತಿಂಗಳ ಯಾವ ಖರೀದಿಗಾಗಿ ಎಂಬುದು ಆ ಕಾಗದದಲ್ಲಿಲ್ಲ. ಇವೆಲ್ಲದರ ತುದಿಗೆ, ಬಳಕೆಯ ಶುಲ್ಕದ ಮೇಲೆ ನೂರಕ್ಕೆ 9ರ ಸರ್ಕಾರಿ ತೆರಿಗೆ; 2018ರವರೆಗೆ ಅದು ನೂರಕ್ಕೆ 6 ಇತ್ತು.

ಗೃಹಜ್ಯೋತಿಯ ಮಾತು ಬಂತಲ್ಲ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2023ರ ಜುಲೈನಿಂದ ಜಾರಿಗೆ ಬಂದ ಈ ಯೋಜನೆಯಿಂದ ಅನೇಕ ಮನೆಗಳಿಗೆ ಸೊನ್ನೆ ಮೊತ್ತದ ಬಿಲ್ಲು ಬರುವಂತಾಯಿತು. ಬಡವರ ಮನೆಯಲ್ಲಿ ಆ ಹಣ ಹಾಲಿಗೆ, ಔಷಧಿಗೆ ಒದಗಿದ್ದನ್ನು ನಾನು ಕಂಡಿದ್ದೇನೆ. ‘ಇನ್ನೂರು ಯೂನಿಟ್ಟು ಉಚಿತ’ ಎಂದು ಜನ ಅದನ್ನು ಕರೆಯುತ್ತಾರೆ. ನಿಜವಾಗಿ ಅದು ಇನ್ನೂರಲ್ಲ. 2022–23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ ಬರುವುದೇ ನಿಮ್ಮ ಮಿತಿ. ತೀರ ಕಡಮೆ ಬಳಸುವವರಿಗೆ ಶೇಕಡಾವಾರಿನ ಬದಲು ಹತ್ತು ಯೂನಿಟ್ಟು ಸೇರಿಸುವ ತಿದ್ದುಪಡಿ 2024ರ ಜನವರಿಯಲ್ಲಿ ಬಂತು. ಮಿತಿ ದಾಟಿ ಇನ್ನೂರರೊಳಗಿದ್ದರೆ ಹೆಚ್ಚಾದದ್ದಕ್ಕಷ್ಟೇ ಹಣ. ಇನ್ನೂರು ದಾಟಿದರೆ ಪೂರ್ತಿ ಬಿಲ್ಲು.

ನಮ್ಮ ಹಿಂದಿನ ಬೀದಿಯಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿದ್ದಾರೆ, ಎಲ್ಲರಿಗೂ ಅವರು ಟೀಚರಮ್ಮ. ನನಗಿಂತ ಹಿರಿಯರು. ಮಗಳೊಡನೆ ವಾಸ. ಅವರ ಸರಾಸರಿ 110 ಯೂನಿಟ್ಟು, ಹತ್ತು ಶೇಕಡ ಸೇರಿ ಮಿತಿ 121. ಎರಡು ವರ್ಷ ಅವರು ಒಂದು ಪೈಸೆ ಕಟ್ಟಲಿಲ್ಲ. 2025ರ ಬೇಸಗೆಯಲ್ಲಿ ಮಗನ ಸಂಸಾರ ರಜೆಗೆ ಬಂತು. ಮೊಮ್ಮಕ್ಕಳಿಗೆಂದು ಗಾಳಿಯ ಕೂಲರು, ಹಗಲಿರುಳೂ ಫ್ಯಾನು, ದಿನಕ್ಕೆ ನಾಲ್ಕು ಸಲ ಗೀಸರು. ಆ ತಿಂಗಳ ಬಳಕೆ 204 ಯೂನಿಟ್ಟು. ಬಿಲ್ಲು ಸಾವಿರದ ಆರುನೂರು ರೂಪಾಯಿಯ ಆಸುಪಾಸು. ಟೀಚರಮ್ಮ ಬಿಲ್ಲು ಹಿಡಿದು ಬಂದರು. ನಾನು ನಿಯಮವನ್ನು ವಿವರಿಸಿದೆ. ಅವರು ಗಣಿತ ಕಲಿಸಿದವರು, ತಾಳ್ಮೆಯಿಂದ ಕೇಳಿ ಹೇಳಿದರು: ‘ಮೇಷ್ಟ್ರೇ, ಇನ್ನೂರಕ್ಕೆ ನಿಲ್ಲಿಸಿದ್ದರೆ ಎಪ್ಪತ್ತೊಂಬತ್ತು ಯೂನಿಟ್ಟಿಗೆ ನಾನೂರ ಐವತ್ತೆಂಟು ರೂಪಾಯಿ ಚಿಲ್ಲರೆ, ಮೇಲೊಂದಿಷ್ಟು ತೆರಿಗೆ. ನಾಲ್ಕು ಯೂನಿಟ್ಟು ಹೆಚ್ಚಾಯಿತು. ನಾಲ್ಕಕ್ಕೆ ದಂಡ ಹಾಕಲಿ, ಒಪ್ಪುತ್ತೇನೆ. ಇನ್ನೂರ ನಾಲ್ಕಕ್ಕೂ ಯಾಕೆ? ಒಂದು ಲೆಕ್ಕ ತಪ್ಪಿದರೆ ಇಡೀ ಪತ್ರಿಕೆಗೆ ಸೊನ್ನೆ ಕೊಟ್ಟ ಹಾಗಾಯಿತಲ್ಲ.’ ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅವರು ಹಣ ಕಟ್ಟಿದರು. ಅದಲ್ಲ ನನ್ನನ್ನು ಕಾಡುವುದು. ಅಂದಿನಿಂದ ಅವರ ಮನೆಯಲ್ಲಿ ಸಂಜೆ ಏಳರವರೆಗೆ ದೀಪ ಹತ್ತುವುದಿಲ್ಲ. ಮುಂಬಾಗಿಲಲ್ಲಿ ಕುಳಿತು ಬೀದಿದೀಪದ ಬೆಳಕಿನಲ್ಲಿ ಪತ್ರಿಕೆ ಓದುತ್ತಾರೆ. ‘ಇನ್ನೂರರ ಹತ್ತಿರ ನೀವೀಗ ಸುಳಿಯುವುದೂ ಇಲ್ಲ, ದೀಪ ಹಾಕಿಕೊಳ್ಳಿ’ ಎಂದು ಎಷ್ಟು ಹೇಳಿದರೂ, ‘ಯಾವ ಗೆರೆ ಎಲ್ಲಿದೆಯೋ ಯಾರಿಗೆ ಗೊತ್ತು’ ಎನ್ನುತ್ತಾರೆ. ದುಬಾರಿಯಾದದ್ದನ್ನು ಮನುಷ್ಯ ಅಳೆದು ಬಳಸುತ್ತಾನೆ, ಅರ್ಥವಾಗದ್ದಕ್ಕೆ ಹೆದರುತ್ತಾನೆ. ಎಪ್ಪತ್ತು ದಾಟಿದ ಕಣ್ಣುಗಳು ಕತ್ತಲಲ್ಲಿ ಕುಳಿತಿರುವುದು ಬಡತನದಿಂದಲ್ಲ, ಈ ಹೆದರಿಕೆಯಿಂದ.

ಅರ್ಥವಾಗದಿರುವುದರಿಂದ ಲಾಭ ಮಾಡಿಕೊಳ್ಳುವವರೂ ಇದ್ದಾರೆ. ಅದೇ ಬೀದಿಯಲ್ಲಿ ಬಾಡಿಗೆಗಿರುವ ದರ್ಜಿಯೊಬ್ಬನಿಂದ ಮನೆಯ ಮಾಲೀಕರು ಒಳಮೀಟರು ಹಾಕಿ ಯೂನಿಟ್ಟಿಗೆ ಹತ್ತು ರೂಪಾಯಿ ವಸೂಲು ಮಾಡುತ್ತಾರೆ. ಯಾಕೆಂದು ಕೇಳಿದರೆ, ‘ಅದು ಇದು ಎಲ್ಲ ಸೇರಿ ಹಾಗೇ ಬರುತ್ತದೆ’ ಎಂಬ ಉತ್ತರ. ಆ ‘ಅದು ಇದು’ವನ್ನು ಬಿಡಿಸಿ ಕೇಳಲು ದರ್ಜಿಗೆ ಭಾಷೆಯಿಲ್ಲ. ಬಿಲ್ಲೇ ಅವನಿಗೆ ಆ ಭಾಷೆಯನ್ನು ಕೊಟ್ಟಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷವನ್ನೂ ಹೇಳಬೇಕು. ವಿತರಣಾ ಕಂಪೆನಿಯ ಖರ್ಚಿನಲ್ಲಿ ಬಹುದೊಡ್ಡ ಪಾಲು ವಿದ್ಯುತ್ತಿನ ಖರೀದಿಗೇ ಹೋಗುತ್ತದೆ. ಆ ಬೆಲೆ ಅದರ ಕೈಯಲ್ಲಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ಉಚಿತವಾಗಿ ವಿದ್ಯುತ್ತು ಕೊಡಬೇಕು, ಅದರ ಹಣಕ್ಕೆ ಸರ್ಕಾರದ ದಾರಿ ಕಾಯಬೇಕು. ಬೆಲೆ ಏರಲೇಬಾರದು ಎಂದು ನಾನು ಹೇಳಲಾರೆ. ಅಕ್ಕಿ ಏರಿದೆ, ಕಾಗದ ಏರಿದೆ, ಈ ಭಾಷಣವನ್ನು ಮರುಮುದ್ರಿಸುವ ಪತ್ರಿಕೆಯ ಬೆಲೆಯೂ ಏರಿದೆ. ಬಿಲ್ಲು ಕೊಡಲು ಬರುವ ಆ ಯುವಕನನ್ನು ಬೈಯುವುದಂತೂ ಅನ್ಯಾಯ. ಅವನಿಗೂ ಆ ಶಬ್ದಗಳ ಅರ್ಥ ಯಾರೂ ಹೇಳಿಕೊಟ್ಟಿಲ್ಲ.

ನನ್ನ ದೂರು ಬೆಲೆಗಿಂತ ಹೆಚ್ಚಾಗಿ ಬೆಲೆಯ ವಾಕ್ಯರಚನೆಯ ಮೇಲೆ. ಹಳೆಯ ಶಾಸನಗಳನ್ನು ಓದಿದವರಿಗೆ ನಂದಾದೀವಿಗೆಯ ದತ್ತಿಗಳು ಪರಿಚಿತ. ದೇವಾಲಯದ ದೀಪಕ್ಕೆ ಯಾವ ಗಾಣದಿಂದ ಎಷ್ಟು ಸೊಲ್ಲಗೆ ಎಣ್ಣೆ, ಯಾವ ಸರಕಿನ ಮೇಲಿನ ಸುಂಕ, ಅದನ್ನು ಬಿಟ್ಟವರು ಯಾರು, ಪಾಲಿಸಬೇಕಾದವರು ಯಾರು, ಎಲ್ಲವನ್ನೂ ಊರ ನಡುವೆ ನಿಲ್ಲಿಸಿದ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಆ ಕಾಲ ಸ್ವರ್ಗವಾಗಿರಲಿಲ್ಲ. ಗಾಣಿಗನ ಒಪ್ಪಿಗೆ ಯಾರೂ ಕೇಳಿರಲಿಕ್ಕಿಲ್ಲ, ಅಕ್ಷರ ಬಲ್ಲವರೂ ವಿರಳ. ಆದರೂ ತನ್ನ ಎಣ್ಣೆ ಯಾವ ದೀಪದಲ್ಲಿ ಉರಿಯುತ್ತಿದೆ ಎಂಬುದು ಗಾಣಿಗನಿಗೆ ತಿಳಿದಿತ್ತು. ನಮ್ಮ ಬಿಲ್ಲನ್ನು ಅಚ್ಚು ಮಾಡುವುದು ಶಾಖದಿಂದ ಅಕ್ಷರ ಮೂಡುವ ಕಾಗದದ ಮೇಲೆ. ಕಿಟಕಿಯ ಬಳಿ ಇಟ್ಟರೆ ಕೆಲವೇ ವಾರಗಳಲ್ಲಿ ಬೆಳ್ಳಗಾಗುತ್ತದೆ. ಹಿಂದಿನ ವರ್ಷದ ಬಿಲ್ಲಿನೊಡನೆ ಹೋಲಿಸೋಣವೆಂದರೆ ಟೀಚರಮ್ಮನ ಪೆಟ್ಟಿಗೆಯಲ್ಲಿ ಇದ್ದದ್ದು ಖಾಲಿ ಚೀಟಿಗಳ ಒಂದು ಕಂತೆ.

ಆದ್ದರಿಂದ ನಾನೊಂದು ಕೆಲಸ ಮಾಡಿದೆ. ಅವರ ಬಿಲ್ಲನ್ನು ಮುಂದಿಟ್ಟುಕೊಂಡು ಅದನ್ನು ಕನ್ನಡಕ್ಕೆ ತಂದೆ, ಕನ್ನಡದಿಂದ ಕನ್ನಡಕ್ಕೆ. ನಿಗದಿತ ಶುಲ್ಕ ಎಂಬಲ್ಲಿ ‘ತಂತಿ, ಕಂಬಗಳ ಬಾಡಿಗೆ, ನಿಮ್ಮ ಮನೆಯ ಎರಡು ಕಿಲೋವಾಟಿಗೆ: 290 ರೂಪಾಯಿ’ ಎಂದು ಬರೆದೆ. ವಿದ್ಯುತ್ ಶುಲ್ಕ ಎಂಬಲ್ಲಿ ‘ನೀವು ಉರಿಸಿದ 204 ಯೂನಿಟ್ಟಿನ ಬೆಲೆ: 1183 ರೂಪಾಯಿ 20 ಪೈಸೆ’ ಎಂದು. ಹೊಂದಾಣಿಕೆಯ ಕಡೆ ‘ಹಿಂದಿನ ತಿಂಗಳು ವಿದ್ಯುತ್ತು ಕೊಂಡ ಬೆಲೆಯ ಏರಿಳಿತ’ ಎಂದು. ಎರಡು ಇಂಗ್ಲಿಷ್ ಅಕ್ಷರಗಳಿದ್ದಲ್ಲಿ ‘ಹಳೆಯ ಮಂಡಳಿಯ ನೌಕರರ ಪಿಂಚಣಿಗೆ: 73 ರೂಪಾಯಿ 44 ಪೈಸೆ’ ಎಂದು. ಕೊನೆಗೆ ‘ಸರ್ಕಾರದ ತೆರಿಗೆ’. ಒಟ್ಟು ಐದು ಸಾಲು. ಮೂಲಕ್ಕಿಂತ ಉದ್ದವೇನೂ ಆಗಲಿಲ್ಲ.

ಟೀಚರಮ್ಮ ಕನ್ನಡಕ ಏರಿಸಿ ಓದಿದರು. ನಾಲ್ಕನೆಯ ಸಾಲಿಗೆ ಬಂದು ನಿಂತರು. ‘ಪಿಂಚಣಿಗಾದರೆ ಕೊಡೋಣ, ಪಾಪ. ಆದರೆ ಇದನ್ನು ಸರ್ಕಾರ ಕೊಡಬೇಕಾಗಿತ್ತು ಎಂದಿರಲ್ಲ, ಅದು ಯಾವಾಗ ನಮ್ಮ ತಲೆಯ ಮೇಲೆ ಬಂತು? ಯಾರನ್ನು ಕೇಳಿದರು?’ ಎಂದರು. ಆ ಬಾಬು ಅದಾಗಲೇ ಎರಡು ಮೂರು ಬಿಲ್ಲುಗಳಲ್ಲಿ ಬಂದಿತ್ತು. ಅದನ್ನು ಪ್ರಶ್ನಿಸಬೇಕೆಂದು ಅವರಿಗೆ ತೋರಿರಲಿಲ್ಲ. ಹೆಸರು ತಿಳಿದ ಒಂದೇ ನಿಮಿಷದಲ್ಲಿ ಎರಡು ಪ್ರಶ್ನೆ ಹುಟ್ಟಿದವು, ಎರಡೂ ಸರಿಯಾದ ಪ್ರಶ್ನೆಗಳು.

ಕೇಳಲು ಜಾಗವೂ ಇದೆ. 2003ರ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ಕಂಪೆನಿಯು ತನ್ನ ದರಪ್ರಸ್ತಾವವನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಸಾರ್ವಜನಿಕರಿಂದ ಬಂದ ಸಲಹೆ, ಆಕ್ಷೇಪಗಳನ್ನು ಆಯೋಗ ಪರಿಗಣಿಸಿದ ಮೇಲೆಯೇ ಆದೇಶ. ಇದಕ್ಕಾಗಿ ಬಹಿರಂಗ ವಿಚಾರಣೆಗಳು ನಡೆಯುತ್ತವೆ. ಅಂಥದೊಂದಕ್ಕೆ ನಾನು ಹೋಗಿ ಕುಳಿತಿದ್ದೆ. ಕೈಗಾರಿಕೆಗಳ ಪ್ರತಿನಿಧಿಗಳು ದಪ್ಪ ಕಡತಗಳೊಡನೆ ಬಂದಿದ್ದರು, ರೈತಮುಖಂಡರು ಗಟ್ಟಿ ದನಿಯೊಡನೆ. ಸಭೆಯಲ್ಲಿ ಗೃಹಿಣಿಯರು ಇಬ್ಬರೋ ಮೂವರೋ, ಬಾಯಿ ತೆರೆದವರು ಒಬ್ಬರೂ ಇಲ್ಲ. ಮನೆಗಳಲ್ಲಿ ಬಿಲ್ಲು ನೋಡಿ ನಿಟ್ಟುಸಿರು ಬಿಡುವ ಅಷ್ಟು ಜನ ಅಂದು ಎಲ್ಲಿದ್ದರು? ಪತ್ರಿಕೆಯಲ್ಲಿ ಬಂದ ಪ್ರಕಟಣೆ ಇರುವೆ ಸಾಲಿನಂತೆ ಅಂಕಿಗಳನ್ನು ತುಂಬಿಕೊಂಡಿತ್ತು. ಹೆಚ್ಚಿನವರು ಅದನ್ನು ಹರಾಜಿನ ನೋಟೀಸೆಂದು ತಿಳಿದು ಪುಟ ತಿರುವಿರಬೇಕು.

ಕೈಯಲ್ಲಾಗುವ ಸಣ್ಣ ಕೆಲಸಗಳೂ ಕೆಲವಿವೆ. ತಿಂಗಳ ಒಂದನೆಯ ತಾರೀಖು ಮೀಟರಿನ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಬಿಲ್ಲು ಬಂದ ದಿನವೇ ಅದರ ನಕಲನ್ನು ಕೈಬರಹದಲ್ಲಿ ಇಳಿಸಿಕೊಳ್ಳಿ ಅಥವಾ ಮಕ್ಕಳಿಂದ ಫೋಟೋ ತೆಗೆಸಿ. ನಿಮ್ಮ ಮನೆಗೆ ಎಷ್ಟು ಕಿಲೋವಾಟು ಮಂಜೂರಾಗಿದೆ ಎಂಬುದನ್ನು ನೋಡಿಕೊಳ್ಳಿ, ಗೀಸರು, ಇಸ್ತ್ರಿ, ಮಿಕ್ಸಿ ಒಟ್ಟಿಗೆ ಓಡಿದ ಬೆಳಗೊಂದರ ದೆಸೆಯಿಂದ ಅದು ಏರಿದೆಯೇ ಎಂದೂ ವಿಚಾರಿಸಿ. ಭದ್ರತಾ ಠೇವಣಿ ಇನ್ನಷ್ಟು ಕಟ್ಟಿ ಎಂದು ಪತ್ರ ಬಂದರೆ ಅದು ದಂಡವಲ್ಲ. ನಿಮ್ಮದೇ ಹಣ, ಅದಕ್ಕೆ ವರ್ಷವರ್ಷ ಬಡ್ಡಿ ನಿಮ್ಮ ಲೆಕ್ಕಕ್ಕೆ ಜಮಾ ಆಗಬೇಕು. ಆಗಿದೆಯೇ ನೋಡಿ. ದೂರು ಕೊಡಲು 1912 ಎಂಬ ದೂರವಾಣಿ ಇದೆ, ಅಲ್ಲಿಗೆ ಮುಗಿಯದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದಕ್ಕೂ ಮೇಲೆ ಓಂಬುಡ್ಸ್‌ಮನ್. ಇದೂ ಕನ್ನಡಕ್ಕೆ ಬರಬೇಕಾದ ಇನ್ನೊಂದು ಶಬ್ದ, ಇರಲಿ.

ಟೀಚರಮ್ಮ ಈಗ ಒಂದು ಆಕ್ಷೇಪಣಾ ಪತ್ರ ಸಿದ್ಧಪಡಿಸುತ್ತಿದ್ದಾರೆ. ನಾಲ್ಕು ಯೂನಿಟ್ಟಿನ ಪ್ರಶ್ನೆ ಸರ್ಕಾರಕ್ಕೆ ಸೇರಿದ್ದು, ಉಳಿದವು ಆಯೋಗಕ್ಕೆ ಎಂದು ತಿಳಿಸಿದ ಮೇಲೆ ಅದನ್ನು ಎರಡು ಪತ್ರಗಳಾಗಿ ಒಡೆದಿದ್ದಾರೆ. ನನಗೆ ಕೊಟ್ಟಿರುವುದು ಕಾಗುಣಿತ ತಿದ್ದುವ ಕೆಲಸ ಮಾತ್ರ. ಒಂದು ಕಡೆ ‘ಶುಲ್ಕ’ ಎಂದಿದ್ದುದನ್ನು ಹೊಡೆದುಹಾಕಿ ‘ಸುಂಕ’ ಎಂದು ಅವರೇ ಬರೆದಿದ್ದಾರೆ. ಅದನ್ನು ನಾನು ತಿದ್ದಲು ಹೋಗಲಿಲ್ಲ.